ಗಡ್ಡದ ಯೋಧನ ಕಾಳಗ

ಜಪಾನಿನ ಆ ಕಾಳಗದ ಅನಿಮೆ ಕಾರ್ಟೂನ್ ಸರಣಿ ಕನ್ನಡದಲ್ಲಿ ಮಾತಾಡತೊಡಗಿ ದಶಕವೇ ಕಳೆದಿತ್ತು. ಅದರಲ್ಲಿ ಗಡ್ಡದ ಯೋಧನಿಗೆ ದನಿ ಕೊಡುತ್ತಿದ್ದವರು ಚಿದಂಬರಯ್ಯ. ಮೊದಮೊದಲು ಮಹಾಶೂರನಾಗಿದ್ದ ಯೋಧ, ನಾಯಕನ ಬಲ ಬೆಳೆದಂತೆಲ್ಲ ಹಿಂದೆ ಸರಿಯುತ್ತಾ, ಈಗ ಬಂಡೆಯ ಮೇಲೆ ನಿಂತು ಬೇರೆಯವರ ಹೊಡೆದಾಟಕ್ಕೆ ಬೆರಗಾಗುವ ಕೆಲಸಕ್ಕೆ ಬಂದು ಮುಟ್ಟಿದ್ದ.

“ಅಬ್ಬಾ, ಏನು ವೇಗ! ಕಣ್ಣಿಗೇ ಕಾಣ್ತಿಲ್ಲವಲ್ಲ!” ಎಂದು ಮೈಕಿಗೆ ಹೇಳಿ ಮುಗಿಸಿದ ಚಿದಂಬರಯ್ಯ, ಡಬ್ಬಿಂಗ್ ನಿರ್ದೇಶಕಿ ನಳಿನಿಯತ್ತ ತಿರುಗಿದರು. “ಕಾಣ್ದಿದ್ರೆ ಮನೆಗೆ ಹೋಗಬಾರ್ದೇನಮ್ಮ ಇವ್ನು? ನಿಂತು ನಿಂತು ನನ್ನ ದನಿಗೇ ಮಂಡಿನೋವು ಬಂದಿದೆ. ನಾನು ರಿಟೈರ್ ಆಗೋದ್ರೊಳಗೆ ಒಂದೇ ಒಂದು ಹೊಡೆದಾಟ ಕೊಡ್ಸು.”

“ಅದು ಜಪಾನಿನೋರ ಕೈಲಿದೆ ಸಾರ್,” ಎಂದು ನಳಿನಿ ನಕ್ಕಳು.

ಜಪಾನಿನವರಿಗೂ ಕರುಣೆ ಬಂತು. ಮುಂದೊಂದು ಸಂಚಿಕೆ ಪೂರ್ತಿ ಗಡ್ಡದ ಯೋಧನದೇ ಕಾಳಗ. ಸುದ್ದಿ ತಿಳಿದದ್ದೇ ಚಿದಂಬರಯ್ಯ ಮೆಣಸಿನ ಕಷಾಯ ಕುಡಿಯುತ್ತಾ, ತಾರಸಿಯ ಮೇಲೆ ನಿಂತು ಎಷ್ಟು ಅಬ್ಬರಿಸಿದರೆಂದರೆ, ಪಕ್ಕದ ಮನೆಯವರು ಅವರ ಹೆಂಡತಿಯನ್ನು ಮೆಲ್ಲಗೆ ಕರೆದು ಕ್ಷೇಮ ವಿಚಾರಿಸಿದರು.

ರೆಕಾರ್ಡಿಂಗ್ ದಿನ ಹೊಸ ಜುಬ್ಬ ತೊಟ್ಟು ಬಂದವರಿಗೆ ನಳಿನಿ ಬಾಗಿಲಲ್ಲೇ ಸಿಕ್ಕಳು.

“ಅಯ್ಯೋ, ಫೋನ್ ಮಾಡ್ಬೇಕು ಅಂತಲೇ ಇದ್ದೆ ಸಾರ್. ಕೂಗಿ ಕೂಗಿ ಹೀರೋ ದನಿಯವ್ರ ಗಂಟಲು ಕೆಟ್ಟ ಮೇಲೆ, ಹೊಡೆದಾಟದ ಕೂಗೆಲ್ಲ ಜಪಾನಿ ಮೂಲದ್ದನ್ನೇ ಇಟ್ಕೊತಿದೀವಿ.”

“ಇಟ್ಕೊಳ್ಳಿ, ಕೂಗು ಹೋದ್ರೆ ಹೋಗ್ಲಿ. ನನ್ನ ಮಾತಿನ ಹಾಳೆ ಕೊಡಮ್ಮ.”

“ನಿಮ್ಮೋನು ಮೊದ್ಲಿಂದ ಕೊನೇವರೆಗೂ ಹೊಡೆದಾಡ್ತಾನೇ ಇದಾನೆ ಸಾರ್, ಮಾತಾಡೋಕೆ ಪುರಸೊತ್ತೆಲ್ಲಿ?”