ಬೋದಿಲ್‌ಳ ಲ್ಯಾಪ್‌ಟಾಪ್

ಬೋದಿಲ್‌ಗೆ ಇನ್ಯಾರೋ ಗಾಡಿ ಕಲಿಸುತ್ತಿದ್ದಾರೆ. ಮಂಗಳವಾರ ಸಂಜೆ ಡ್ರೈವಿಂಗ್ ಮೇಷ್ಟ್ರು ವರ್ನರ್‌ಗೆ ಆ ಅನುಮಾನ ಗಟ್ಟಿಯಾಯಿತು.

ಲೆಮ್ವಿಗ್ ಬಂದರಿನ ಪಕ್ಕ, ಮೀನಿನ ವ್ಯಾನಿಗೂ ಗೋಡೆಗೂ ನಡುವೆ ಇಕ್ಕಟ್ಟಾದ ಒಂದು ಜಾಗವಿತ್ತು. ವರ್ನರ್ ಬಾಯಿ ತೆರೆಯುವ ಮೊದಲೇ ಅವಳು ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ, ರಿವರ್ಸಿನಲ್ಲಿ ಕಾರನ್ನು ಅಲ್ಲಿಗೆ ಸೇರಿಸಿಬಿಟ್ಟಳು. ಆಮೇಲೆ ಏನೋ ನೆನಪಾದವಳಂತೆ ಕ್ಲಚ್ ಬಿಟ್ಟಳು. ಕಾರು ಜಗ್ಗಿ ನಿಂತಿತು.

"ಅಯ್ಯೋ, ಬಂದ್ ಆಗೋಯ್ತು" ಎಂದಳು.

"ಆ ರಿವರ್ಸ್ ಯಾರು ಕಲಿಸಿದ್ದು ನಿಂಗೆ?"

"ಒಳ್ಳೇ ಮೇಷ್ಟ್ರು ಸಿಕ್ಕಿದ್ರು."

ವರ್ನರ್ ಆ ಪಾಠವನ್ನು ಇನ್ನೂ ಶುರುವೇ ಮಾಡಿರಲಿಲ್ಲ. ಹಾಗಾದರೆ ಮೇಷ್ಟ್ರು ಫ್ಲೆಮ್ಮಿಂಗೇ ಇರಬೇಕು. ಬಂದರಿನ ಆಚೆ ಬದಿಗೆ ಡ್ರೈವಿಂಗ್ ಸ್ಕೂಲ್ ತೆರೆದವನು. ಕೆಂಪು ಕಾರು, ಬಿಳಿ ಹಲ್ಲು. ಮೊನ್ನೆ ಬೋದಿಲ್‌ಳ ಹೂವಿನ ಅಂಗಡಿಯಿಂದ ಟುಲಿಪ್ ಹಿಡಿದುಕೊಂಡು ಹಲ್ಲು ಕಿರಿಯುತ್ತಾ ಹೊರಬಂದದ್ದನ್ನು ವರ್ನರ್ ಕಣ್ಣಾರೆ ಕಂಡಿದ್ದ. ಹೊಟ್ಟೆ ಉರಿದುಹೋಗಿತ್ತು.

ವರ್ನರ್ ಐವತ್ತು ದಾಟಿದ ಒಂಟಿ ಮನುಷ್ಯ. ಬೋದಿಲ್ ಹೋದ ವರ್ಷ ಥ್ಯೂಬೊರೊನ್‌ನಿಂದ ಬಂದು ಅಂಗಡಿ ಹಾಕಿದಾಗಿನಿಂದ ಅವನಿಗೆ ಅವಳ ಮೇಲೆ ಮನಸ್ಸು. ಹೇಳುವ ಧೈರ್ಯ ಮಾತ್ರ ಇಲ್ಲ. ಬೇಕಿಲ್ಲದಿದ್ದರೂ ಹೂವು ಕೊಂಡು ಕೊಂಡು, ಮನೆಯ ಹೂದಾನಿಗಳೆಲ್ಲ ತುಂಬಿ, ಬಕೆಟ್ಟಿನಲ್ಲಿಡುವ ಗತಿ ಬಂದಿತ್ತು. ಆಗ ಅವಳಿಂದಲೇ ಒಂದು ಇಮೇಲ್ ಬಂತು.

"ಕೋರ ವರ್ನರ್. ಮಂಗಳವಾರ ಸಂಜೆ ಬಿಡುವಿದೆಯಾ? ಅಂಗಡಿ ಮುಚ್ಚಿದ ಮೇಲೆ ಬಾ. ಬೋದಿಲ್."

ನಮ್ಮ ಭಾಷೆಯಲ್ಲಿ ಕೋರ ಎಂದರೆ ಗಾಡಿ ಓಡಿಸುವುದು. ಪಶ್ಚಿಮ ಯುಟ್ಲೆಂಡಿನ ನಾವು ಮಾತಿನಲ್ಲಿ ಜುಗ್ಗರು. ಒಂದು ಶಬ್ದದಲ್ಲಿ ಮುಗಿಯುವುದಕ್ಕೆ ಎರಡನ್ನು ಖರ್ಚು ಮಾಡುವುದಿಲ್ಲ. ಆದರೂ ವರ್ನರ್‌ಗೆ ಬೇಜಾರಾಯಿತು. ತೆರಿಗೆ ಕಚೇರಿಯವರು ಕೂಡ 'ಪ್ರಿಯ ವರ್ನರ್' ಎಂದು ಶುರು ಮಾಡುತ್ತಾರೆ. ಇವಳು ಹೂವು ತಲುಪಿಸುವುದೂ ಸೈಕಲ್ಲಿನಲ್ಲೇ ತಾನೆ, ಪಾಠ ಬೇಕಾಗಿರಬೇಕು. ಹಾಗಂದುಕೊಂಡು, ಶರ್ಟಿಗೆ ಇಸ್ತ್ರಿ ಹಾಕಿ, ತಲೆಯ ಮೇಲೆ ಸ್ಕೂಲಿನ ಬೋರ್ಡು ಹೊತ್ತ ಕಾರಿನಲ್ಲಿ ಹೋಗಿ, ಡ್ರೈವರ್ ಬದಿಯ ಬಾಗಿಲು ತೆರೆದು ಹಿಡಿದ. ಬೋದಿಲ್ ಒಂದು ಗಳಿಗೆ ಅವನ ಮುಖ ನೋಡಿ, ಹತ್ತಿ ಕುಳಿತಳು.

ಅದು ವಸಂತದಲ್ಲಿ. ಈಗ ಎಲೆ ಉದುರುತ್ತಿತ್ತು. ಡಾಕ್ಟರ ಸರ್ಟಿಫಿಕೇಟು, ಅರ್ಜಿ ಕೇಳಿದಾಗಲೆಲ್ಲ "ಮುಂದಿನ ವಾರ ತರ್ತೀನಿ" ಎನ್ನುತ್ತಿದ್ದಳು. ವರ್ನರ್ ಒತ್ತಾಯ ಮಾಡಲಿಲ್ಲ. ಕಾಗದವಿಲ್ಲದೆ ಪರೀಕ್ಷೆ ಇಲ್ಲ. ಪರೀಕ್ಷೆ ಇಲ್ಲದಿದ್ದರೆ ಮಂಗಳವಾರಗಳು ಮುಗಿಯುವುದೂ ಇಲ್ಲ. ಆದರೆ ಈ ಒಂದು ಕೈಯ ರಿವರ್ಸ್ ನೋಡಿದ ಮೇಲೆ ಅವನ ಮನಸ್ಸು ಮುರಿಯಿತು. ಎರಡು ದೋಣಿಯಲ್ಲಿ ಕಾಲಿಟ್ಟವಳನ್ನು ಬಿಟ್ಟುಕೊಡುವುದೇ ಮೇಲು ಎನ್ನಿಸಿತು.

"ಇನ್ನು ನಿಂಗೆ ಕಲಿಸೋದು ಏನೂ ಇಲ್ಲ. ಪರೀಕ್ಷೆಗೆ ಹೆಸರು ಹಾಕಿಬಿಡ್ತೀನಿ."

ಬೋದಿಲ್ ಹ್ಯಾಂಡ್‌ಬ್ರೇಕ್ ಎಳೆದಳು. "ಯಾವಾಗ?"

"ನನ್ನ ಲ್ಯಾಪ್‌ಟಾಪ್ ಕೆಟ್ಟು ಕೂತಿದೆ. ಹೊಸದು ತಗೊಂಡ ತಕ್ಷಣ. ಆಫೀಸ್ ಕೆಲಸಕ್ಕೆ ಅಂತ ಅಗ್ಗದ್ದೊಂದು ಬಂದಿದೆಯಲ್ಲ, ಬೂದು ಬಣ್ಣದ್ದು, ಅದನ್ನ ನೋಡಿಟ್ಟಿದೀನಿ."

"ಅದಾ? ನನ್ನ ಅಂಗಡೀಲಿ ಇರೋದೂ ಅದೇ."

"ಹೇಗಿದೆ?"

"ಮಾರೋರ ವೆಬ್‌ಸೈಟಲ್ಲಿ ಬಳಸಿದವರ ಅಭಿಪ್ರಾಯ ಅಂತ ಇರುತ್ತಲ್ಲ, ಅಲ್ಲಿ ಬರೀತೀನಿ. ನಾಳೆ ಓದು."

"ಪಕ್ಕದಲ್ಲೇ ಕೂತಿದೀಯ. ಬಾಯಲ್ಲಿ ಹೇಳಿದ್ರೆ ಮುತ್ತು ಉದುರುತ್ತಾ?"

"ಬಾಯಲ್ಲಿ ಹೇಳೋರನ್ನ ಈ ಊರಲ್ಲಿ ಯಾವಾಗ ನೋಡಿದೀಯ ಮಾರಾಯ?"

ಮರುದಿನ ಮಧ್ಯಾಹ್ನ ವರ್ನರ್ ಕಾರು ನಿಲ್ಲಿಸಿ, ರೈ ಬ್ರೆಡ್ಡಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಫೋನ್ ತೆರೆದ. ಬೂದು ಲ್ಯಾಪ್‌ಟಾಪಿನ ಕೆಳಗೆ ಕೊಂಡವರು ಸಾಲಾಗಿ ನಿಂತಿದ್ದರು. ಒಬ್ಬ ಪ್ಲಂಬರ್ ಬರೆದಿದ್ದ: "ಮುಚ್ಚಳ ಬಿಗಿ. ತೆರೆಯಲು ಎರಡು ಕೈ ಬೇಕು. ಕಾಫಿ ಎಲ್ಲಿಡಲಿ?" ಒಬ್ಬ ಪಾದ್ರಿ: "ಉಪದೇಶ ಟೈಪ್ ಮಾಡುವಾಗಲೇ ಫ್ಯಾನ್ ಗೊರಕೆ ಹೊಡೆಯುತ್ತದೆ. ಭಾನುವಾರಕ್ಕೆ ಒಳ್ಳೆಯ ತಾಲೀಮು." ಇನ್ನೊಬ್ಬರದು ಒಂದೇ ಮಾತು: "ಪರವಾಗಿಲ್ಲ." ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಎಲ್ಲಕ್ಕಿಂತ ಮೇಲೆ, ರಾತ್ರಿಯಷ್ಟೇ ಹಾಕಿದ್ದು: ಹೂವಿನ ಅಂಗಡಿ, ಲೆಮ್ವಿಗ್. ವರ್ನರ್ ಬ್ರೆಡ್ಡು ಕೆಳಗಿಟ್ಟ.

"ಬ್ಯಾಟರಿ ಚೆನ್ನಾಗಿದೆ. ಪರದೆ ಸ್ವಲ್ಪ ಮಬ್ಬು. ಹೂದಾನಿಯ ನೀರು ಚೆಲ್ಲಿದರೂ ಸಾಯಲಿಲ್ಲ. ಒಂದೇ ಒಂದು ದೋಷ: ನಾರ್ವೆಗೆಂದು ಮಾಡಿದ್ದನ್ನು ನಮಗೆ ಮಾರಿದ್ದಾರೆ, ಹಾಗಾಗಿ ಎರಡು ಸ್ವರಗಳ ಕೀಲಿಗಳು ಅದಲುಬದಲಾಗಿವೆ. ನನ್ನ ಹಾಗೆ ನೋಡದೆ ಟೈಪ್ ಮಾಡುವವರು ಹುಷಾರು. ನಾನು ಒಬ್ಬ ಡ್ರೈವಿಂಗ್ ಮೇಷ್ಟ್ರಿಗೆ 'ಪ್ರಿಯ' ಎನ್ನಲು 'ಕೇರ' ಎಂದು ಒತ್ತಿದೆ, ಹೋದದ್ದು 'ಕೋರ'. ಅದೂ ಸರಿಯಾದ ಶಬ್ದವೇ, ಕೆಂಪು ಗೆರೆ ಬರಲಿಲ್ಲ. ಅವರು ಇಸ್ತ್ರಿ ಹಾಕಿದ ಶರ್ಟಿನಲ್ಲಿ ಬಂದು ಸ್ಟೀರಿಂಗ್ ನನ್ನ ಕೈಗೆ ಕೊಟ್ಟರು. ಆ ಮುಖ ನೋಡಿ ಬೇಡ ಎನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಮಂಗಳವಾರ ಬಂದರೆ ಸಾಕು, ನನಗೆ ಗಾಡಿ ಕಲಿಸುತ್ತಾರೆ.

"ಅಪ್ಪನೇ ಮೇಷ್ಟ್ರಾಗಿ ಕಲಿಸಿದ ಮೇಲೆ ಇಪ್ಪತ್ತು ವರ್ಷ ಥ್ಯೂಬೊರೊನ್‌ನಲ್ಲಿ ಮೀನಿನ ಲಾರಿ ಓಡಿಸಿದವಳು ನಾನು, ಲೈಸೆನ್ಸ್ ಪರ್ಸಿನಲ್ಲೇ ಇದೆ, ಐದು ನಕ್ಷತ್ರ, ವಾಪಸ್ ಕೊಡುವ ವಿಚಾರವಿಲ್ಲ."