ವಿಭೂತಿ ಮುಟ್ಟದ ಸಾಕ್ಷಿ

ವಿಭೂತಿಯ ವಾಸನೆ ಬಂದರೆ ಈಗಲೂ ನಮ್ಮೂರು ಸವಡಿಯ ಗುಡಿಕಟ್ಟೆಯಲ್ಲಿ ಪಂಚಾಯ್ತಿ ಸೇರಿದ್ದ ಆ ಮಧ್ಯಾಹ್ನ ನೆನಪಾಗುತ್ತದೆ. ಪಕ್ಕದ ಹೊಲದವನು ನಮ್ಮ ಬದು ಕಡಿದು ಒಳಗೆ ಬಂದದ್ದನ್ನು ಕಂಡವನು ದೇವರನ್ನು ನಂಬದ ಈರಪ್ಪ ಕಾಕಾ ಒಬ್ಬನೇ.

“ವಿಭೂತಿ ಮುಟ್ಟಿ ಹೇಳು,” ಎಂದರು ಹಿರಿಯರು.

“ನಂಬಿಕಿ ಇಲ್ಲದ ಹ್ಯಾಂಗ ಮುಟ್ಲಿರಿ? ಕಂಡದ್ದಷ್ಟ ಹೇಳ್ತೇನ್ರಿ.”

“ದೇವರಿಗೇ ಅಂಜದಾಂವನ ಮಾತು ಯಾಂವ ನಂಬ್ತಾನೋ!” ಎಂದು ಒಬ್ಬರು ಅಂದಾಗ ಎಲ್ಲರೂ ನಕ್ಕರು. ಪಕ್ಕದವನು ವಿಭೂತಿ ಹಿಡಿದು ಆಣೆ ಮಾಡಿದ. ನಾಲ್ಕು ಸಾಲು ಎರೆಹೊಲ ಅವನ ಪಾಲಾಯಿತು.

ಮನೆಯ ಹಾದಿಯಲ್ಲಿ ಅಪ್ಪ ಅಜ್ಜಿಯ ಮುಂದೆ ಸಿಡುಕಿದ. “ಈರಪ್ಪಗ ಅದು ಬರೇ ಬೂದಿ, ಯವ್ವಾ. ಒಮ್ಮಿ ಮುಟ್ಟಿದ್ರ ಏನ ಹೋಗ್ತಿತ್ತು?”

“ಅದನ್ನ ನಾನೂ ಅನ್ನೂದು, ತಮ್ಮಾ. ಸುಳ್ಳ ಹೇಳಾಂವ ಆಗಿದ್ರ ಮುಟ್ತಿದ್ದಿಲ್ಲೇನು?” ಎಂದಳು ಅಜ್ಜಿ.

ಆ ವರ್ಷ ಬಿತ್ತಿಗೆಯ ದಿನ, ಪೂಜೆ ಮಾಡಿದ ಕೂರಿಗೆಗೆ ಮೊದಲ ಹಿಡಿ ಜೋಳ ಹಾಕಲು ಅವಳು ಈರಪ್ಪ ಕಾಕಾನನ್ನೇ ಕರೆಸಿದಳು.