ಮೊದಲ ಸಾಲು

"ಅದನ್ನ ಪ್ರಿಂಟ್ ಹಾಕ್ಬೇಡ," ಎಂದರು ಸೂಪರಿಂಟೆಂಡೆಂಟರು, ಬಾಗಿಲು ಹಾಕಿಕೊಳ್ಳುತ್ತ.

ತಂತ್ರಜ್ಞ ಆಗಲೇ ಗುಂಡಿ ಒತ್ತಿದ್ದ. ಹಳೆಯ ಪ್ರಿಂಟರು ಗೊರಗೊರ ಎನ್ನತೊಡಗಿತು.

ಆಸ್ಪತ್ರೆಯ ನೆಲಮಾಳಿಗೆ. ಗೋಡೆಯಲ್ಲಿ ನೆಟ್‌ವರ್ಕ್ ಸ್ವಿಚ್ಚಿನ ಪೆಟ್ಟಿಗೆ, ಮಿಟುಕುವ ಹಸಿರು ದೀಪಗಳು. ಮೇಲಿನ ವಾರ್ಡಿನ ಅಲಾರಂ, ಫೋನು, ಕ್ಯಾಮೆರಾ ಎಲ್ಲವೂ ಇದನ್ನು ಹಾದೇ ಹೋಗಬೇಕು. ಯಾವುದರ ಸಂಕೇತ ಮೊದಲು ಹೋಗಬೇಕೆಂದು ಅದಕ್ಕೆ ಹೇಳಿಕೊಡುವುದು ತಂತ್ರಜ್ಞನ ಕೆಲಸ. ಮೊದಲ ಸಾಲು ಖಾಲಿಯಾಗುವ ತನಕ ಹಿಂದಿನ ಸಾಲು ಬಾಯಿಮುಚ್ಚಿಕೊಂಡು ನಿಲ್ಲಬೇಕು. ಪೆಟ್ಟಿಗೆಗೆ ದಯೆ ದಾಕ್ಷಿಣ್ಯ ಇಲ್ಲ.

ನಿನ್ನೆ ಮಧ್ಯಾಹ್ನ ಏಳನೇ ಹಾಸಿಗೆಯ ಅಲಾರಂ ಹಿಂದಿನ ಸಾಲಿನಲ್ಲಿ ನಿಂತಿತ್ತು. ನರ್ಸಿನ ಮೇಜು ಮುಟ್ಟುವಾಗ ನಾಲ್ಕು ನಿಮಿಷ ತಡ. ಅಷ್ಟರಲ್ಲಿ ಜೀವ ಹೋಗಿತ್ತು.

"ಮೂರು ದಿನ ರಜಾ ತಗೋ ಅಂದ್ರೂ ಬಂದು ಕೂತಿದ್ದೀಯಲ್ಲೋ. ಹನ್ನೊಂದಕ್ಕೆ ತನಿಖೆಯವರು ಬರ್ತಾರೆ. ಸಾಲು ಮೊದಲಿನ ಹಾಗೆ ಮಾಡಿ, ದಾಖಲೆ ಅಳಿಸಿ ಮನೆಗೆ ಹೋಗಪ್ಪ."

"ನರ್ಸಕ್ಕ?"

"ತೂಕಡಿಸ್ತಿದ್ಲು ಅಂತ ಬರ್ಕೊಳ್ತಾರೆ. ಬೇರೆ ಕಡೆ ಕೆಲಸ ಸಿಗತ್ತೆ ಬಿಡು."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಅವರು ರೆಪ್ಪೆ ಮುಚ್ಚಿರ್ಲಿಲ್ಲ ಸರ್."

"ನೀನು ನೋಡಿದ್ಯಾ?"

ಅವನು ಪಕ್ಕದ ಕ್ಯಾಮೆರಾ ಪರದೆಯತ್ತ ತಿರುಗಿದ. ಏಳನೇ ಹಾಸಿಗೆ, ಹೊಸ ಬಿಳಿ ಹೊದಿಕೆ, ಮೂಲೆಯಲ್ಲಿ ನರ್ಸಿನ ಮೇಜು. ದಿಂಬಿನ ಹೊಲಿಗೆ ಎಣಿಸುವಷ್ಟು ನಿಚ್ಚಳ ಚಿತ್ರ.

ಹಾಳೆ ಹೊರಬಿತ್ತು. ಸಾಲು ಬದಲಾದ ದಿನ, ಹೊತ್ತು, ಬದಲಿಸಿದವರ ಹೆಸರು. ಸೂಪರಿಂಟೆಂಡೆಂಟರು ಹೆಸರಿನ ಮೇಲೆ ಅಂಗೈ ಊರಿದರು.

"ಈ ಹೆಸರು ಮೇಲಕ್ಕೆ ಹೋದ್ರೆ ಜೈಲು. ಗೊತ್ತಾ?"

"ಗೊತ್ತು."

"ಯಾಕಿಷ್ಟು ಹಠ? ಕೇಳು." ಅವರ ದನಿ ತಗ್ಗಿತು. "ಇಲ್ಲಿ ಕೂತು ಕೆಲಸ ಮಾಡ್ತಾ ಏಳನೇ ಹಾಸಿಗೇಲಿದ್ದ ನಿಮ್ಮಮ್ಮನ ಮುಖ ತಡೆಯಿಲ್ದೆ ಕಾಣ್ಲಿ ಅಂತ ಕ್ಯಾಮೆರಾನ ಮೊದಲ ಸಾಲಿಗೆ ಹಾಕ್ಕೊಂಡೆ. ಅಲಾರಂ ಹಿಂದೆ ಬೀಳತ್ತೆ ಅಂತ ನಿನಗೆ ಹೊಳೀಲಿಲ್ಲ. ಹೆತ್ತ ಕರುಳಿಗೋಸ್ಕರ ಮಾಡಿದ್ದು. ಅಳಿಸಿಬಿಡು ಮಗಾ."

"ಆ ನಾಲ್ಕು ನಿಮಿಷಾನೂ ನೋಡ್ತಾನೇ ಇದ್ದೆ ಸರ್, ಅಮ್ಮನಿಗೆ ನಿದ್ದೆ ಬಂತು ಪಾಪ ಅಂದ್ಕೊಂಡು. ಅಳಿಸಲ್ಲ."